ಕೆಲಸದಲ್ಲಿದ್ದಾಗಲೇ ಕಣ್ಣು ಹೋದರೆ

ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಬಹಳ ವರ್ಷ ಪಿಂಚಣಿ ಕಾಗದಗಳ ಮೇಜಿನ ಹಿಂದೆ ಕೂತವಳು. ನಿವೃತ್ತರಾಗುವ ಶಿಕ್ಷಕರ ಸೇವಾ ಪುಸ್ತಕ ತಿರುವಿ ನೋಡುವುದು, ಬಿಟ್ಟುಹೋದದ್ದನ್ನು ಸೇರಿಸುವುದು, ಎಲ್ಲ ಸರಿಯಾದ ಮೇಲೆ ಜಿಲ್ಲೆಗೆ ಕಳಿಸುವುದು ನನ್ನ ಕೆಲಸ. ಮನೆ ಮಸ್ಕಿಯಲ್ಲಿ. ಮಸ್ಕಿ ಬೇರೆ ತಾಲ್ಲೂಕಾದ ಮೇಲೂ ಆ ಕಡೆಯ ಹಳ್ಳಿಗಳ ಹಳೆಯ ಕಾಗದಗಳು ನಮ್ಮ ಕಪಾಟಿನಲ್ಲೇ ಉಳಿದಿದ್ದವು, ಅವುಗಳ ಜೊತೆ ನಾನೂ ಉಳಿದೆ.

ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. "ರಿಟೈರಾಗಿ ಎಷ್ಟ್ ದಿನಕ್ಕ ಪಿಂಚಣಿ ಸುರು ಆಗ್ತದ್ರೀ?" "ನಾ ಹೋದ ಮ್ಯಾಲ ನಮ್ಮ ಮನ್ಯಾಕಿಗೆ ಬರ್ತದಿಲ್ರೀ?" "ವರ್ಷಾ ವರ್ಷಾ ಇನ್ನಾ ಬದುಕೀನಂತ ಯಾಕ್ ತೋರಿಸ್ಬೇಕ್ರೀ?" ಇವಕ್ಕೆಲ್ಲ ಉತ್ತರ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಯಾರೂ ಕೇಳದ ಪ್ರಶ್ನೆಯೊಂದಿತ್ತು. ಕೆಲಸದಲ್ಲಿದ್ದಾಗಲೇ ಕೈಯೋ ಕಾಲೋ ಕಣ್ಣೋ ಹೋದರೆ ಏನು ಗತಿ? ನಾನು ನೌಕರಿಗೆ ಸೇರಿದ ಹೊಸದರಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಒಮ್ಮೆ ಊಟದ ಡಬ್ಬಿ ಮುಚ್ಚುತ್ತ ಹೇಳಿದ್ದರು: "ಅಂಗ ಊನ ಆದ್ರ ನೌಕರಿ ಮುಗೀತವ್ವಾ. ಕೆಲಸಕ್ಕ ಬರಂಗಿಲ್ಲಂತ ಬರದು, ಏನೋ ಒಂದಿಷ್ಟು ಪಿಂಚಣಿ ಹಚ್ಚಿ ಮನಿಗೆ ಕಳಸ್ತಾರ." ಅವರು ಹೇಳಿದ್ದನ್ನು ನಾನು ಎಂದೂ ಪುಸ್ತಕ ತೆಗೆದು ನೋಡಲಿಲ್ಲ. ನನಗೆ ಅದರ ಜರೂರು ಬಿದ್ದಿರಲಿಲ್ಲ.

ಒಂದು ದಿನ ಲಿಂಗಸುಗೂರಿನ ಬಸ್ ನಿಲ್ದಾಣದಿಂದ ಹೊರಬಂದು ರಸ್ತೆ ದಾಟುವಾಗ ಮೋಟಾರು ಸೈಕಲ್ಲೊಂದು ಬಂದು ನನ್ನ ತೋಳಿಗೆ ತಗುಲಿತು. ಬಿದ್ದೆ. ಗಾಯವೇನೂ ಆಗಲಿಲ್ಲ. ಗಾಡಿಯವನು ನಿಂತು, "ಅಷ್ಟು ದೂರದಿಂದ ಹಾರ್ನ್ ಹೊಡಕೋತ ಬಂದೀನ್ರೀ, ನೀವು ನನ್ನ ಕಡೇನ ನೋಡಿದ್ರಿ" ಎಂದ. ನಾನು ಅವನ ಕಡೆ ಮುಖ ಮಾಡಿದ್ದು ನಿಜ. ಅಲ್ಲಿ ರಸ್ತೆ ಖಾಲಿಯಿತ್ತು. ಅಂದರೆ, ನನಗೆ ಖಾಲಿ ಕಂಡಿತ್ತು.

ಮನೆಯಲ್ಲಿ ಹೇಳದೆ ರಜೆ ಹಾಕಿ ಸಿಂಧನೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಒಂದು ಯಂತ್ರದ ಮುಂದೆ ಕೂರಿಸಿ, ಕೈಗೆ ಗುಂಡಿಯೊಂದನ್ನು ಕೊಟ್ಟು, ಬಿಳಿ ಚುಕ್ಕಿ ಮಿನುಗಿದಾಗಲೆಲ್ಲ ಒತ್ತಬೇಕು ಎಂದರು. ಎಡಗಣ್ಣಿನ ಸರದಿ ಬಂದಾಗ ಬಹಳ ಹೊತ್ತು ಏನೂ ಮಿನುಗಲಿಲ್ಲ. ಯಂತ್ರ ಕೆಟ್ಟಿರಬೇಕೆಂದುಕೊಂಡೆ. "ಇನ್ನಾ ಸುರು ಆಗಿಲ್ಲೇನ್ರೀ?" ಎಂದು ಕೇಳಿದೆ. ಯಂತ್ರದ ಪಕ್ಕದಲ್ಲಿದ್ದ ನರ್ಸ್ "ಮುಗೀತ್ರೀ ಅಕ್ಕಾ" ಎಂದಳು. ಗುಂಡಿಯನ್ನು ನಾನು ಒಮ್ಮೆಯೂ ಒತ್ತಿರಲಿಲ್ಲ.

ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುವ ರೋಗ, ಗ್ಲಾಕೋಮಾ ಎಂದರು ಡಾಕ್ಟರು. ನೋವಿಲ್ಲದೆ ಬರುತ್ತದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಎಡಗಣ್ಣು ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲೂ ಮೂಗಿನ ಕಡೆಯ ಅಂಚು ಮಬ್ಬಾಗತೊಡಗಿತ್ತು. "ಇದ್ದದ್ದನ್ನ ಉಳಿಸ್ಕೋಬೇಕು, ಹನಿ ಔಷಧ ಒಂದು ದಿನಾನೂ ತಪ್ಪಿಸ್ಬಾರ್ದು" ಎಂದು ಚೀಟಿ ಬರೆದುಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಹೊರಗೆ ಕಾಲುವೆ ನೀರಿನ ಭತ್ತದ ಗದ್ದೆಗಳು ಹಸಿರಾಗಿ ಹಬ್ಬಿದ್ದವು. ಒಂದು ಕಣ್ಣು ಮುಚ್ಚುತ್ತ, ಇನ್ನೊಂದು ತೆರೆಯುತ್ತ, ಹಸಿರು ಎಲ್ಲಿ ನಿಂತುಹೋಗುತ್ತದೆ ಎಂದು ಮಸ್ಕಿ ಬರುವವರೆಗೂ ನೋಡಿಕೊಂಡು ಬಂದೆ.

ಆ ದಿನದಿಂದ ಸುಮಾರು ಒಂದು ವರ್ಷ ನಾನು ಬದುಕಿದ್ದು ಕಳ್ಳರಂತೆ. ಗಂಡನಿಗೆ ಹೇಳಲಿಲ್ಲ. ಅವರದು ಮಸ್ಕಿ ಪೇಟೆಯಲ್ಲಿ ಸಣ್ಣ ಪಾತ್ರೆ ಅಂಗಡಿ. ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಮನೆ ನಿಂತದ್ದು ನನ್ನ ನೌಕರಿಯ ಮೇಲೆ ಎಂಬುದು ಮೂವರಿಗೂ ಗೊತ್ತಿದ್ದ, ಯಾರೂ ಆಡದ ಮಾತು. ಕಚೇರಿಯಲ್ಲಿ ಗಾಳಿ ಬರುವುದಿಲ್ಲವೆಂಬ ನೆಪ ಹೇಳಿ ಮೇಜನ್ನು ಗೋಡೆಯ ಮಗ್ಗುಲಿಗೆ ತಿರುಗಿಸಿಕೊಂಡೆ. ಈಗ ಯಾರೇ ಬಂದರೂ ಬಲಗಡೆಯಿಂದಲೇ ಬರಬೇಕಿತ್ತು. ಮೆಟ್ಟಿಲು ಲೆಕ್ಕವಿಟ್ಟುಕೊಂಡೆ, ಬಾಗಿಲಿನವರೆಗೆ ಏಳು. ಹನಿ ಔಷಧದ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಡುತ್ತಿದ್ದೆ. ಶೌಚಾಲಯದಲ್ಲಿ ನಿಂತು ಹಾಕಿಕೊಂಡು, ಕಣ್ಣು ಕೆಂಪಾಗಿದ್ದರೆ ಧೂಳು ಎನ್ನುತ್ತಿದ್ದೆ. ಎಲ್ಲರಿಗಿಂತ ಮೊದಲಿನ ಬಸ್ಸು ಹಿಡಿದು ಬಂದು, ಯಾರೂ ಇಲ್ಲದಾಗ ಫೈಲುಗಳ ಮೇಲೆ ಸ್ಕೇಲು ಇಟ್ಟು ಸಾಲು ಸಾಲಾಗಿ ಓದುತ್ತಿದ್ದೆ.

ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ಎದೆ ಧಸಕ್ ಎನ್ನುತ್ತಿತ್ತು. ಸಾಹೇಬರು ಕರೆಯುತ್ತಾರೆ ಎಂದರೆ ಸಾಕು, ಇವತ್ತು ಗೊತ್ತಾಯಿತು, ಇವತ್ತು ಬರೆದು ಕಳಿಸುತ್ತಾರೆ ಎಂದುಕೊಂಡೇ ಒಳಗೆ ಹೋಗುತ್ತಿದ್ದೆ. ಅವರು ಯಾವುದೋ ಪತ್ರದ ಪ್ರತಿ ಕೇಳುತ್ತಿದ್ದರು. ಹೊರಗೆ ಬಂದು ಆ ಪ್ರತಿಯನ್ನು ಹುಡುಕತೊಡಗುತ್ತಿದ್ದೆ.

ಆ ವರ್ಷವೇ ಪಾಮನಕಲ್ಲೂರಿನಿಂದ ಒಬ್ಬ ಮುದುಕಿ ಬಂದದ್ದು. ಶಿಕ್ಷಕರೊಬ್ಬರ ವಿಧವೆ, ಕುಟುಂಬ ಪಿಂಚಣಿ ಬರುತ್ತಿತ್ತು. ಹಣೆಗೆ ವಿಭೂತಿ, ಕೈಯಲ್ಲಿ ಮಗನ ಮಣಿಕಟ್ಟು. ಮಗನಿಗೆ ಮೂವತ್ತು ದಾಟಿತ್ತು. ಕಿವಿ ಕೇಳುವುದಿಲ್ಲ, ಮಾತಿಲ್ಲ, ತಾನೇ ಊಟ ಬಡಿಸಿಕೊಂಡು ಉಣ್ಣುವಷ್ಟು ತಿಳಿವಳಿಕೆಯೂ ಇಲ್ಲ. ಆಕೆ ಕೂತು, ಉಸಿರು ಸುಧಾರಿಸಿಕೊಂಡು ಕೇಳಿದಳು: "ಮೇಡಂ, ನಾ ಸತ್ತ ಮ್ಯಾಲ ಇವಗ ಏನು?"

ನನಗೆ ಗೊತ್ತಿದ್ದ ಉತ್ತರ ಹೇಳಿದೆ. ದುಡಿದು ಉಣ್ಣಲಾರದ ಅಂಗವಿಕಲ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ, ಜೀವ ಇರುವವರೆಗೂ ಕುಟುಂಬ ಪಿಂಚಣಿ ಸಿಗುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಅವನ ಪರವಾಗಿ ನೋಡಿಕೊಳ್ಳುವವರ ಹೆಸರು ಬೇಕು. ನೀವಿದ್ದಾಗಲೇ ಅವನ ಹೆಸರು ಸೇರಿಸಿದರೆ ಸಲೀಸು, ಇಲ್ಲದಿದ್ದರೆ ಅವನಿಗಾಗಿ ಅಲೆಯುವವರು ಯಾರು?

"ಅದಕ್ಕ ಲಗೂನ ಮಾಡ್ರಿ" ಎಂದಳು. "ನನ್ನ ಎದಿ ಸರಿ ಇಲ್ಲ."

ಆಕೆ ಎರಡನೇ ಸಲ ಬಂದು ಕೊಟ್ಟ ಕಾಗದಗಳನ್ನು ಸ್ಕೇಲು ಹಿಡಿದು ನೋಡಿ, ಎಲ್ಲ ಸರಿಯಿದೆ ಎಂದು ಜಿಲ್ಲೆಗೆ ಕಳಿಸಿದೆ. ಎರಡು ತಿಂಗಳಾದ ಮೇಲೆ ಫೈಲು ತಕರಾರು ಹಾಕಿಸಿಕೊಂಡು ತಿರುಗಿ ಬಂತು. ಆಸ್ಪತ್ರೆಯ ಪ್ರಮಾಣಪತ್ರ ತಾತ್ಕಾಲಿಕವಾದದ್ದು, ಅವಧಿ ಮುಗಿದಿದೆ, ಶಾಶ್ವತ ಎಂದು ಬರೆದ ಹೊಸದನ್ನು ತರಬೇಕು. ಪ್ರಮಾಣಪತ್ರ ತೆಗೆದು ನೋಡಿದೆ. ಎಡಗಡೆಯ ಅಂಚಿಗೆ, 'ತಾತ್ಕಾಲಿಕ' ಎಂಬುದರ ಮುಂದೆ ಒಂದು ಸಣ್ಣ ಚೌಕ, ಅದರಲ್ಲಿ ನೀಲಿ ಶಾಯಿಯ ಗುರುತು. ತಲೆಯನ್ನು ಪೂರ್ತಿ ಹೊರಳಿಸಿದಾಗಲೇ ಅದು ನನಗೆ ಕಂಡದ್ದು.

ಅವತ್ತಿನ ಹೆದರಿಕೆ ಹಿಂದಿನಂಥದ್ದಲ್ಲ. ಅಲ್ಲಿಯವರೆಗೆ ನನಗೇನಾಗುತ್ತದೋ ಎಂದು ಹೆದರುತ್ತಿದ್ದೆ. ಈಗ ಆಕೆ ಈ ಎರಡು ತಿಂಗಳಲ್ಲೇ ಸತ್ತಿದ್ದರೆ ಎಂಬ ಯೋಚನೆ ಬಂತು. ಆ ಮಗ ಹಸಿವಾಯಿತು ಎಂದು ಯಾರಿಗೆ ಹೇಳುತ್ತಿದ್ದ? ಅವನ ಅನ್ನ ತಪ್ಪಿಸಿದವಳು ನಾನಾಗುತ್ತಿದ್ದೆ, ಮತ್ತು ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೋನಿನಲ್ಲಿ ಆಕೆಯ ನಂಬರು ಒತ್ತುವಾಗ ಎರಡು ಸಲ ತಪ್ಪಿದೆ. ಆ ಕಡೆಯಿಂದ ಆಕೆಯೇ ಮಾತಾಡಿದಳು.

ಆಕೆ ಮತ್ತೆ ಬಂದಳು. ರಾಯಚೂರಿಗೆ ಹೋಗಬೇಕು, ಮಗನನ್ನು ಇನ್ನೊಮ್ಮೆ ಆಸ್ಪತ್ರೆಯಲ್ಲಿ ತೋರಿಸಬೇಕು ಎಂದೆ. ನನ್ನ ತಪ್ಪು ಎನ್ನಲಿಲ್ಲ. ಜಿಲ್ಲೆಯವರು ಕೇಳುತ್ತಿದ್ದಾರೆ ಎಂದೆ. ಅಷ್ಟರಲ್ಲಿ ಕ್ಯಾಂಟೀನಿನವನು ಚಹಾ ತಂದ. ಆಕೆ ಒಂದು ಕಪ್ಪು ತೆಗೆದುಕೊಂಡು ಇನ್ನೊಂದನ್ನು ನನ್ನ ಎಡಗೈ ಪಕ್ಕಕ್ಕೆ ಸರಿಸಿದಳು. ನಾನು ಫೈಲು ಎಳೆದುಕೊಂಡೆ. ಕಪ್ಪು ಉರುಳಿ ಚಹಾ ಮೇಜಿನ ತುಂಬ ಹರಿಯಿತು. ನಾನು ಕಾಗದ ಎತ್ತಿ ಒರೆಸುತ್ತಿದ್ದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ಮೆಲ್ಲಗೆ, "ಯವ್ವಾ, ನಿನಗ ಈ ಕಡಿ ಕಾಣಸಂಗಿಲ್ಲೇನು?" ಎಂದಳು.

"ಏನಿಲ್ಲಮ್ಮ, ಲಕ್ಷ್ಯ ಇರ್ಲಿಲ್ಲ" ಎಂದೆ.

"ನಾ ಯಾರಿಗೂ ಹೇಳಂಗಿಲ್ಲ. ಇವಗ ಕಿವಿ ಕೇಳಂಗಿಲ್ಲಂತ ನಮಗ ಸಣ್ಣವ ಇದ್ದಾಗ್ಲೇ ಗೊತ್ತಾಗಿತ್ತು. ಜನ ಏನಂತಾರಂತ ನಮ್ಮನಿಯವ್ರು ಮುಚ್ಚಿಟ್ರು. ನೌಕರಿ ದಫ್ತರದಾಗ ಇದನ್ನ ಬರಸ್ಲಿಲ್ಲ, ಡಾಕ್ಟರಿಗೆ ತೋರಸ್ಲಿಲ್ಲ. ಅವರು ಹೋಗಿಬಿಟ್ರು. ಈಗ ನೋಡು, ನಾ ಈ ವಯಸ್ಸಿನಾಗ ಇವನ್ನ ಹಿಡ್ಕೊಂಡು ತಿರಗಾಕತ್ತೀನಿ."

ಮಗ ಒದ್ದೆ ಮೇಜಿನ ಮೇಲೆ ಬೆರಳಿನಿಂದ ಗೀಟು ಎಳೆಯುತ್ತಿದ್ದ. ಆಕೆ ಎದ್ದು, ಅವನ ಕೈ ಸೆರಗಿನಿಂದ ಒರೆಸಿ, "ನೀ ಎಲ್ಲಾರಿಗೂ ಕಾನೂನು ಹೇಳ್ತಿ. ನಿಂದು ಯಾರನ್ನ ಕೇಳೀದಿ?" ಎಂದು ಹೊರಟಳು.

ಯಾರನ್ನೂ ಕೇಳಿರಲಿಲ್ಲ. ಮರುದಿನ ಜಿಲ್ಲೆಯ ಅಧಿಕಾರಿಯೊಬ್ಬರಿಗೆ ಫೋನು ಮಾಡಿ, ನಮ್ಮ ಕಡೆಯ ಶಿಕ್ಷಕರೊಬ್ಬರಿಗೆ ಕಣ್ಣಿನ ತೊಂದರೆಯಾಗಿದೆ, ನಿಯಮ ಏನು ಎಂದೆ. "ಯಾವ ಶಾಲೀರೀ, ಹೆಸರು ಹೇಳ್ರಿ" ಎಂದರು. ಫೋನು ಇಟ್ಟುಬಿಟ್ಟೆ. ಮತ್ತೆ ಎರಡು ವಾರ ಸುಮ್ಮನಿದ್ದೆ. ಆ ಎರಡು ವಾರ ಒಂದು ಫೈಲನ್ನೂ ಮುಂದೆ ಕಳಿಸಲಾಗಲಿಲ್ಲ. ಒಂದೊಂದನ್ನು ನಾಲ್ಕು ಸಲ ಓದುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಪ್ರತಿ ಹಾಳೆಯ ಎಡ ಅಂಚಿನಲ್ಲೂ ಒಂದು ಚೌಕ ಅಡಗಿದೆ ಎನಿಸುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಕಚೇರಿಯ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಬಾಗಿಲು ಹಾಕಿ ನಿಂತೆ. ಅವರು ಹೆಚ್ಚು ಮಾತಿಲ್ಲದ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಇದ್ದವರು. "ಸರ್, ನನಗ ಎಡಗಣ್ಣು ಕಾಣಂಗಿಲ್ಲ. ಬಲಗಣ್ಣೂ ಹೊಂಟೈತಿ. ಪಾಮನಕಲ್ಲೂರಿನ ಫೈಲು ತಪ್ಪಿದ್ದು ಅದಕ್ಕ" ಎಂದೆ.

ಅವರು ಕನ್ನಡಕ ತೆಗೆದು ಇಟ್ಟರು. "ಎಷ್ಟ್ ದಿನದಿಂದ?"

"ಗೊತ್ತಾಗಿ ವರ್ಷ ಆತ್ರೀ."

"ವರ್ಷದಿಂದ ಹೆದ್ರಿಕೊಂಡು ಕುಂತೀರೇನು? ನೌಕರಿ ತಗೀತಾರಂತ ಯಾರ್ ಹೇಳ್ಯಾರ?"

ಹಿರಿಯ ಗುಮಾಸ್ತರ ಮಾತು ಹೇಳಿದೆ. ಅವರು ಎದ್ದು ಕಪಾಟಿನಿಂದ ಸುತ್ತೋಲೆಗಳ ಕಟ್ಟು ತೆಗೆದು, ಬಹಳ ಹೊತ್ತು ಹುಡುಕಿ, ಒಂದು ಹಾಳೆಯನ್ನು ಗಟ್ಟಿಯಾಗಿ ಓದಿದರು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಮಾಡುತ್ತಿದ್ದ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲದಿದ್ದರೆ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. "ಅವರು ಹೇಳಿದ್ದು ಹಳೇ ಕಾಲದ್ದು. ಕಾನೂನು ಬದಲಾಗಿ ಭಾಳ ವರ್ಷ ಆತು. ಈ ಸುತ್ತೋಲಿ ನಿಮ್ಮ ಕೈಯಾಗೂ ಬಂದಿರ್ತದ" ಎಂದರು. ಬಂದಿತ್ತು. ಸ್ವೀಕರಿಸಿದ ಗುರುತಿಗೆ ಕೆಳಗೆ ನನ್ನದೇ ಸಹಿ ಇತ್ತು.

ಹಾಳೆಯನ್ನು ಕಟ್ಟಿನಲ್ಲಿಟ್ಟು ಅವರು, "ಆದ್ರ ಪಿಂಚಣಿ ಫೈಲು ಇವತ್ತಿನಿಂದ ನಿಮ್ಮ ಕೈಯಾಗ ಬಿಡಾಕ ಆಗಂಗಿಲ್ಲ. ಅದು ನಿಮಗೂ ಗೊತ್ತದ" ಎಂದರು. ಗೊತ್ತಿತ್ತು. ಆದರೂ ಆ ಮಾತು ನೋಯಿಸಿತು.

ಆ ಸಂಜೆ ಗಂಡನ ಅಂಗಡಿಗೆ ಹೋಗಿ, ಗಿರಾಕಿ ಹೋಗುವವರೆಗೆ ಕಾದು, ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ತಾಟನ್ನು ಒರೆಸುತ್ತಲೇ ಇದ್ದರು. "ಎಡಕ್ಕ ನಿಂತು ಮಾತಾಡ್ಸಿದ್ರ ನೀ ಉತ್ತರ ಕೊಡ್ತಿರ್ಲಿಲ್ಲ" ಎಂದರು. "ನನ್ನ ಮ್ಯಾಲ ಸಿಟ್ಟದ ಅಂತ ತಿಳ್ಕೊಂಡಿದ್ದೆ." ಅಷ್ಟು ದಿನ ಅವರೂ ತಮ್ಮದೊಂದು ಹೆದರಿಕೆ ಇಟ್ಟುಕೊಂಡಿದ್ದರೆಂದು ನನಗೆ ತಿಳಿದಿರಲಿಲ್ಲ.

ರಾಯಚೂರಿನ ವೈದ್ಯಕೀಯ ಮಂಡಳಿಯ ಮುಂದೆ ನಾನೂ ಗಂಡನೂ ಹೋದೆವು. ಬೇರೆ ಕೆಲಸದ ಆದೇಶ ಬರಲು ತಿಂಗಳುಗಳೇ ಹಿಡಿದವು. ಕಾನೂನು ಹಾಳೆಯಲ್ಲಿದ್ದರೂ ಆದೇಶ ಕೈಗೆ ಬರುವವರೆಗೆ ಟಪಾಲು ಬಂದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದೆ. ಸಹೋದ್ಯೋಗಿಯೊಬ್ಬರು ನನಗೆ ಕೇಳುವಂತೆಯೇ, "ಕಣ್ಣಿಲ್ಲಂದ್ರೂ ಸಂಬಳ ಕಮ್ಮಿ ಇಲ್ಲ ನೋಡ್ರಿ" ಎಂದರು. ಕೊನೆಗೆ ಆದೇಶ ಬಂತು. ಅದೇ ಕಚೇರಿಯಲ್ಲಿ, ಅದೇ ದರ್ಜೆಯಲ್ಲಿ, ಬಂದವರಿಗೆ ಮಾಹಿತಿ ಕೊಡುವ ಕೆಲಸ ಹಚ್ಚಿದರು. ಅದಕ್ಕಿಂತ ಮೊದಲೇ ಪಾಮನಕಲ್ಲೂರಿನ ಮುದುಕಿಯ ಮಗನ ಹೆಸರು ಸೇರಿಸಿ ಮಂಜೂರಾತಿ ಬಂದಿತ್ತು. ಆಕೆ ಪ್ರತಿಯನ್ನು ಒಯ್ಯಲು ಬಂದ ದಿನ, ಮೊದಲ ಸಲ ತಪ್ಪಿದ್ದು ನಾನು ಎಂದು ಹೇಳಿದೆ. "ಗೊತ್ತೈತಿ ಬಿಡವ್ವಾ" ಎಂದಳು. ಆಕೆ ಇನ್ನೂ ಇದ್ದಾಳೆ, ಉಸಿರು ಮಾತ್ರ ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ನನ್ನ ರೋಗ ಮನೆತನದಲ್ಲಿ ಇಳಿಯಬಹುದೆಂದು ಡಾಕ್ಟರು ಹೇಳಿದ್ದು ನಂತರ. ಮಗಳನ್ನು ಕರೆದುಕೊಂಡು ಹೋದೆವು. ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದರು. ಹೊರಗೆ ಬಂದು ಮಗಳು ಹಸಿವಾಗಿದೆ ಎಂದಳು. ಖಾನಾವಳಿಯಲ್ಲಿ ಮೂವರೂ ರೊಟ್ಟಿ ಉಂಡೆವು. ಮಗಳು ತಾಟಿನ ಅಂಚಿನ ಶೇಂಗಾ ಚಟ್ನಿಗೆ ಕೈ ಹಾಕದಿದ್ದಾಗ, ಇಷ್ಟವಿಲ್ಲದ್ದಕ್ಕೋ, ಕಾಣದ್ದಕ್ಕೋ ಎಂದು ನಾನು ತುತ್ತು ಹಿಡಿದುಕೊಂಡೇ ಕೂತೆ. ಸ್ವಲ್ಪ ಹೊತ್ತಿಗೆ ಆಕೆ ಚಟ್ನಿಗೆ ಬೆರಳದ್ದಿ ನಾಲಿಗೆಗಿಟ್ಟು, "ಖಾರ ಭಾಳ ಐತವ್ವಾ" ಎಂದಳು.