ಎರಡೆರಡು ಸಲ ಮಾತಾಡಿದ ಫೋನು

ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಪಾಠ ಹೇಳುವವರಲ್ಲ, ಆ್ಯಪ್ ಬರೆಯುವವರು. ಯಾರು ಏನು ಕೇಳಿದರೂ ಬಿಡಿಸಿ ಬಿಡಿಸಿ ಹೇಳುವ ಚಾಳಿಗೆ ಆ ಹೆಸರು ಅಂಟಿಕೊಂಡಿತ್ತು. ತಾಯಿ ತೀರಿಕೊಂಡ ಮೇಲೆ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಭಾನುವಾರ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಅಂಥ ಭಾನುವಾರಗಳಲ್ಲೇ ಒಂದು ಪುಟ್ಟ ಲೈಬ್ರರಿ, ಅಂದರೆ ಯಾರ ಆ್ಯಪ್‌ಗಾದರೂ ಎತ್ತಿ ಜೋಡಿಸಬಹುದಾದ ಸಿದ್ಧ ಕೋಡು, ಬರೆದರು. ಆ್ಯಪ್‌ನ ಒಳಗಿನ ಮಾಹಿತಿಗೂ ತೆರೆಯ ಮೇಲೆ ಕಾಣುವುದಕ್ಕೂ ನಡುವೆ ನಿಂತು, ಅಲ್ಲಿ ಬದಲಾದದ್ದನ್ನು ಇಲ್ಲಿಗೆ ಮುಟ್ಟಿಸುವ ಭಾಗಕ್ಕೆ ವ್ಯೂ-ಮಾಡೆಲ್ ಎನ್ನುತ್ತಾರೆ. ಅದನ್ನು ಪ್ರತಿ ಸಲ ಮೊದಲಿಂದ ಬರೆಯುವ ತಾಪತ್ರಯ ತಪ್ಪಿಸುವ ನಾನೂರು ಸಾಲು, ಅಷ್ಟೇ. ಬೇಕಾದವರು ಬಳಸಲಿ ಎಂದು ಅಂತರ್ಜಾಲದಲ್ಲಿ ಇಟ್ಟರು. ಆರು ವರ್ಷ ಯಾರೂ ಕ್ಯಾರೇ ಅನ್ನಲಿಲ್ಲ. ತೆಗೆದುಬಿಡೋಣ ಎಂದುಕೊಂಡ ವಾರವೇ ಒಂದು ಪತ್ರ ಬಂತು.

ಬರೆದವರು ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರು. ಪಾರ್ಶ್ವವಾಯು ಹೊಡೆದು ಅವರ ಹೆಂಡತಿಯ ಮಾತು ಹೋಗಿತ್ತು. ಈ ಲೈಬ್ರರಿ ಇಟ್ಟುಕೊಂಡು, ಹೇಗೋ ಕಲಿತು, ಆಕೆಗೊಂದು ಆ್ಯಪ್ ಮಾಡಿಕೊಟ್ಟಿದ್ದರು: ಚಿತ್ರ ಒತ್ತಿದರೆ ಫೋನು ಮಾತಾಡುತ್ತದೆ. ಹೊಸ ಫೋನು ತಂದ ಮೇಲೆ ಅದನ್ನು ಅಡ್ಡ ತಿರುಗಿಸಿದರೆ ಸಾಕು, ಎಲ್ಲವನ್ನೂ ಎರಡೆರಡು ಸಲ ಹೇಳುತ್ತಿತ್ತು. ‘ನೀರು, ನೀರು’ ಎಂದಾಗ ತಾವು ನಕ್ಕುಬಿಟ್ಟರಂತೆ. ಹೆಂಡತಿ ಎರಡು ದಿನದಿಂದ ಫೋನು ಮುಟ್ಟಿಲ್ಲ ಎಂದು ಬರೆದಿದ್ದರು.

ಮೇಷ್ಟ್ರು ರಜೆ ಹಾಕಿ ಕೂತರು. ತಪ್ಪು ತಮ್ಮದೇ. ಫೋನು ತಿರುಗಿದಾಗ ಹಳೆಯ ತೆರೆ ಹೋಗಿ ಹೊಸದು ಬರುತ್ತದೆ. ಹೋದ ತೆರೆಗೂ ಲೈಬ್ರರಿ ಸುದ್ದಿ ಕಳಿಸುತ್ತಲೇ ಇತ್ತು, ಹಾಗಾಗಿ ಎರಡೂ ಮಾತಾಡುತ್ತಿದ್ದವು. ಹುಡುಕಲು ಒಂದೂವರೆ ದಿನ ಹಿಡಿಯಿತು, ತಿದ್ದಿದ್ದು ಮೂರು ಸಾಲು. ಉತ್ತರದಲ್ಲಿ ತಮ್ಮ ನಂಬರನ್ನೂ ಬರೆದರು.

ಮರುದಿನ ಮಧ್ಯಾಹ್ನ ಗಡಿಯಾರದವರು ಫೋನು ಮಾಡಿದರು. “ಸರಿಹೋಯ್ತು ಸಾರ್. ನಮ್ಮನೆಯವ್ರು ನಿಮ್ಮ ಹತ್ರ ಮಾತಾಡ್ಬೇಕಂತೆ, ಒಂದ್ನಿಮಿಷ ಇರಿ.”

ಸ್ವಲ್ಪ ಹೊತ್ತು ಉಸಿರಾಟವಷ್ಟೇ ಕೇಳಿಸಿತು. ಆಮೇಲೆ ಏರಿಳಿತವಿಲ್ಲದ ಯಂತ್ರದ ದನಿ: “ಊಟ ಆಯ್ತಾ?”

ಆಫೀಸಿನಲ್ಲಿ ಹೋಗುತ್ತ ಬರುತ್ತ ಹಾಗೆ ಕೇಳುವವರಿದ್ದರು. ಕೇಳಿ ಉತ್ತರಕ್ಕೆ ನಿಲ್ಲುವವರು ಇರಲಿಲ್ಲ. ಈಕೆ ಕಾಯುತ್ತಿದ್ದರು.

“ಆಯ್ತಮ್ಮ,” ಎಂದರು ಮೇಷ್ಟ್ರು. ಆಗಿರಲಿಲ್ಲ. “ನಿಮ್ದು?”

ಚಿತ್ರ ಹುಡುಕಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಮೇಷ್ಟ್ರಿಗೆ ಅವಸರವಿರಲಿಲ್ಲ.

ಲೈಬ್ರರಿಯನ್ನು ಅವರು ತೆಗೆಯಲಿಲ್ಲ. ಹೊಸ ಫೋನುಗಳು ಬಂದಾಗಲೆಲ್ಲ ಪರೀಕ್ಷಿಸಿ, ಸಣ್ಣಪುಟ್ಟದ್ದನ್ನು ಮೊದಲೇ ತಿದ್ದಿಡುತ್ತಾರೆ. ಹಾಗಾಗಿ ಆ ಮನೆಯವರಿಗೆ ಮತ್ತೆ ತೊಂದರೆಯಾಗಿಲ್ಲ. ಫೋನು ಮಾಡುವ ಕಾರಣವೂ ಬಂದಿಲ್ಲ.