ಪಡಸಾಲೆಯ ಆರು ಹಲಗೆಗಳು

ನಾನು ವಿಜಯಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕರೆಂಟಿನ ಪಾಠ ಹೇಳುವವನು. ದೆವ್ವದ ಕತೆ ಕಟ್ಟಿ ನನಗೆ ಆಗಬೇಕಾದ್ದೇನೂ ಇಲ್ಲ, ಇದ್ದ ಹೆಸರೂ ಹೋದೀತು. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ಜೋರಾಪುರ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅಡುಗೆಮನೆಯಿಂದ ಬಾಗಿಲತನಕ ಆರು ಹಲಗೆ ಹಾಸಿದ್ದೆ. ವಿದ್ಯಾರ್ಥಿಗಳ ಪ್ರಾಜೆಕ್ಟು. ಒಳಗೆ ಪೀಜೋ ಬಿಲ್ಲೆಗಳು. ಕಾಲಿಟ್ಟರೆ ಆ ಒತ್ತಡಕ್ಕೆ ಕರೆಂಟು ಹುಟ್ಟಿ ಅಂಚಿನ ಪುಟ್ಟ ದೀಪ ಮಿನುಗುತ್ತದೆ. ಬ್ಯಾಟರಿ ಇಲ್ಲ. ಹೆಜ್ಜೆ ಬೀಳದೆ ಬೆಳಕಿಲ್ಲ.

ಎರಡು ತಿಂಗಳಾದ ಮೇಲೆ ಅವ್ವ ಅದೇ ಮನೆಯಲ್ಲಿ ತೀರಿಕೊಂಡಳು. ಅವಳನ್ನು ಮನೆಗೆ ಕರೆತರುವ ಮೊದಲು ಐದು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನಾನು ಹಣ್ಣಾಗಿದ್ದೆ. ಮಣ್ಣು ಮುಗಿಸಿ ಬಂದಾಗ ದುಃಖಕ್ಕಿಂತ ನಿದ್ದೆಯೇ ಹೆಚ್ಚು ಬರುತ್ತಿತ್ತು.

ಅವ್ವನ ಆರೈಕೆಗೆಂದು ಕಾಖಂಡಕಿಯಿಂದ ಬಂದಿದ್ದ ಅಕ್ಕ, ಪ್ರಾಣ ಹೋದ ಜಾಗದಲ್ಲಿ ಹಿಟ್ಟು ಹರಡಿ, ದೀಪವಿಟ್ಟು, ಬುಟ್ಟಿ ಮುಚ್ಚಿದಳು.

"ಅವ್ವ ಬಂದ್ಹೋದ್ರ ಹಿಟ್ಟಿನ್ಯಾಗ ಗುರ್ತ ಮೂಡತೈತಿ," ಎಂದಳು. "ಕಡೀ ಗಳಿಗ್ಯಾಗ ನಾ ನೀರು ತರಾಕ ಹೋಗಿದ್ದೆ. ಸಿಟ್ಟಾಗಿ ಹೋಗ್ಯಾಳೋ ಏನೋ..."

ಅವಳಿಗೆ ಬೇಕಾಗಿದ್ದುದು ಅದೊಂದೇ ಗುರುತು.

ನಾನು ಬಾಗಿಲ ಬಳಿ ಚಾಪೆ ಹಾಕಿಕೊಂಡೆ. ಎಷ್ಟು ಹೊತ್ತಾಗಿತ್ತೋ... ಅವ್ವ ಕಾಲಿಗೆ ಹಚ್ಚಿಕೊಳ್ಳುತ್ತಿದ್ದಂಥ ನೋವಿನ ಎಣ್ಣೆಯ ವಾಸನೆ ಬಂತು. ಅಡುಗೆಮನೆಯ ಕಡೆ ಹಲಗೆ 'ಟಕ್' ಎಂದಿತು. ಅದರ ಅಂಚಿನ ದೀಪ ಮಿನುಗಿತು.

ಸ್ವಲ್ಪ ತಡೆದು ಎರಡನೆಯದು. ಆಮೇಲೆ ಮೂರನೆಯದು...

ಅಕ್ಕ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಕೊನೆಯ ಹಲಗೆ ನನ್ನ ಕಾಲ ಬಳಿಯೇ ಇತ್ತು. ಸುಮ್ಮನೆ ನಿಂತ ಕಾಲಿಗೆ ಕರೆಂಟು ಹುಟ್ಟುವುದಿಲ್ಲ, ಒತ್ತಿ ಬಿಟ್ಟಾಗ ಮಾತ್ರ. ಆದರೆ ಆ ದೀಪ ಹೊತ್ತಿದ್ದು ನಂದಲೇ ಇಲ್ಲ.

ಹೆದರುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ.

"ಬಾ ಬೇ ಅವ್ವಾ... ಇಲ್ಲೇ ಮಲಕೋ," ಎಂದು ಪಕ್ಕಕ್ಕೆ ಸರಿದೆ.

ದೀಪ ನಂದಿತು. ನನಗೆ ನಿದ್ದೆ ಹತ್ತಿತು.

ಬೆಳಿಗ್ಗೆ ಬುಟ್ಟಿ ಎತ್ತಿದರೆ ಹಿಟ್ಟು ಹರಡಿದ ಹಾಗೇ ಇತ್ತು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು.

"ಅಳಬ್ಯಾಡಕ್ಕಾ. ಅವ್ವ ಬಂದಿದ್ಲು. ಹಲಗಿ ತುಳಕೋತ ನನ್ನ ತನಕಾ ಬಂದ್ಲು. ದೀಪ ಹತ್ತಿದ್ದು ನಾ ಕಣ್ಣಾರೆ ನೋಡೇನಿ."

ಅಕ್ಕನ ಅಳು ನಿಂತಿತು. ನನ್ನನ್ನೇ ನೋಡಿದಳು.

"ಅವ್ವ ಒಂದಿನಾನೂ ಅದರ ಮ್ಯಾಲ ಕಾಲಿಟ್ಟಿಲ್ಲೋ ತಮ್ಮಾ. ದೀಪ ತುಳೀಬಾರದಂತ ಗ್ವಾಡಿ ಹಿಡಕೊಂಡು ಬಾಜೂಕ ಹಾದು ಹೊಕ್ಕಿದ್ಲು. ನಿನಗ ಗೊತ್ತಿಲ್ಲನು?"

ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ಹಾಗಾದರೆ ಆ ರಾತ್ರಿ ನಾನು ಅವ್ವಾ ಎಂದು ಕರೆದು, ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟದ್ದು ಯಾರಿಗೆ...