ಮಂಚದ ಕೆಳಗಿನ ಬುಟ್ಟಿ

ಮೊನ್ನೆ ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರಲಿಲ್ಲ. ನಿಮಗಾದರೆ ಖುಷಿಯಾಗುತ್ತಿತ್ತು. ನಾನು ಮಾತ್ರ ಈಳಿಗೆ ಬಿಟ್ಟು, ಹೋಳನ್ನು ಮೂಗಿಗೆ ಹಿಡಿದು ಮೂರು ಸಲ ಮೂಸಿ ನೋಡಿದೆ. ಉಳ್ಳಾಗಡ್ಡಿಯೇ. ಸಂತೆಯವನು ಹಳೆಯ ಮಾಲು ದಾಟಿಸಿದ್ದಾನೆ, ಅಷ್ಟೇ. ಆದರೂ ಸಮಾಧಾನವಾಗದೆ ಒಂದು ಚೂರನ್ನು ನಾಲಗೆಗೆ ಹಚ್ಚಿಕೊಂಡೆ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, "ಏನ್ ಮಾಡ್ಲಿಕತ್ತೀ?" ಎಂದರು. "ಪರೀಕ್ಷಾ," ಎಂದೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಇಂಥ ಉತ್ತರಗಳಿಗೆ ಮರುಪ್ರಶ್ನೆ ಹಾಕುವುದನ್ನು ಬಿಟ್ಟಿದ್ದಾರೆ.

ಈ ಅಭ್ಯಾಸಕ್ಕೆ ಮೂವತ್ತೈದು ವರ್ಷವಾಯಿತು. ಇದರ ಬುಡದಲ್ಲಿ ಒಂದು ಸುಳ್ಳಿದೆ. ನಾನು ಬಾಯಿಬಿಟ್ಟು ಹೇಳಿದ ಸುಳ್ಳಲ್ಲ, ಬಾಯಿ ಮುಚ್ಚಿಕೊಂಡು ಬೆಳೆಸಿದ್ದು. ಖರೆ ಸಂಗತಿ ಯಾರಿಗೆ ಹೇಳಬೇಕಿತ್ತೋ ಅವರು ಮೊನ್ನೆ ಆ ಹೊತ್ತಿಗೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ತಮ್ಮ ಹೂವಿನ ಗಡಿಗೆಗಳನ್ನು ಕಾಯುತ್ತ ಕೂತಿದ್ದರು. ನನ್ನ ಅತ್ತೆ. ವಯಸ್ಸು ಎಂಬತ್ತಾರು, ಕಿವಿ ಇನ್ನೂ ಚುರುಕು. ಪ್ರತಿ ಬೇಸಿಗೆಯಲ್ಲೂ ಈ ವರ್ಷ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಳೆಗಾಲ ಬಂದುಬಿಡುತ್ತಿತ್ತು.

ಮೊದಲು ಹೂವಿನ ಮಾತು ಮುಗಿಸುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದು ಎಂಬುದು ನಿಮಗೆ ತಿಳಿಯುವುದಿಲ್ಲ. ನಮ್ಮ ಮಾವ ಸರಕಾರಿ ಸಾಲಿ ಮಾಸ್ತರರು. ಬಾದಾಮಿ, ಹುನಗುಂದ, ಇಳಕಲ್ಲು, ಕೊನೆಗೆ ಬಾಗಲಕೋಟೆ, ಹೀಗೆ ಆಗಾಗ ವರ್ಗ. ಎಲ್ಲ ಕಡೆಯೂ ಬಾಡಿಗೆ ಮನೆ. ಅತ್ತೆಗೆ ಹೂವಿನ ಹುಚ್ಚು. ಮಲ್ಲಿಗೆ ಬಳ್ಳಿ ಹಚ್ಚಿದರೆ ಅದು ಮೊಗ್ಗು ಹಿಡಿಯುವ ಹೊತ್ತಿಗೆ ವರ್ಗದ ಆರ್ಡರ್ ಬರುತ್ತಿತ್ತು. ಹೂವನ್ನು ಮುಂದಿನ ಬಾಡಿಗೆದಾರನ ಹೆಂಡತಿ ಮುಡಿಯುತ್ತಿದ್ದಳು. ಎರಡು ಸಲ ಹೀಗಾದ ಮೇಲೆ ಅವರು ಬಳ್ಳಿಗಳ ಸಂಗ ಬಿಟ್ಟು ಗಡ್ಡೆಗಳಿಗೆ ಬಂದರು. ವರ್ಗದ ನೌಕರಿಯವರಿಗೆ ಗಡ್ಡೆಯ ಹೂವು ಹೇಳಿ ಮಾಡಿಸಿದ್ದು. ಎಲೆ ಒಣಗಿದ ಮೇಲೆ ಅಗೆದು, ಮಣ್ಣು ಕೊಡವಿ, ನೆರಳಿನಲ್ಲಿ ಆರಿಸಿ, ಬೂದಿ ಸವರಿ ಬಿದಿರಿನ ಬುಟ್ಟಿಗೆ ಹಾಕಿ ಮಂಚದ ಕೆಳಗೆ ತಳ್ಳಿದರೆ ಆಯಿತು. ಚಳಿಗಾಲವಿಡೀ ಊಟ ಕೇಳುವುದಿಲ್ಲ, ನೀರು ಕೇಳುವುದಿಲ್ಲ. ಯುಗಾದಿಗೆ ಯಾವ ಊರಿನ ಮಣ್ಣಿನಲ್ಲಿ ಹುಗಿದರೂ ಎದ್ದು ಬರುತ್ತದೆ. ಮನೆಯ ಸಾಮಾನೆಲ್ಲ ಲಾರಿಯಲ್ಲಿ ಹೋದರೆ ಈ ಬುಟ್ಟಿ ಮಾತ್ರ ಬಸ್ಸಿನಲ್ಲಿ, ಅತ್ತೆಯ ತೊಡೆಯ ಮೇಲೆ.

ಪುಸ್ತಕದ ಹೆಸರುಗಳು ಅವರಿಗೆ ಬೇಕಿರಲಿಲ್ಲ. ಯಾವ ಊರಿನಲ್ಲಿ ಕೈಗೆ ಬಂತೋ ಆ ಊರಿನ ಹೆಸರು, ಅದೂ ಓಣಿಯ ಹೆಂಗಸರನ್ನು ಕರೆದಂತೆ. ಚೆಂಡಿನಷ್ಟು ದುಂಡಗೆ, ಇಳಕಲ್ಲ ಸೀರೆಯ ಸೆರಗಿನಷ್ಟು ಕೆಂಪಗೆ ಮೇ ತಿಂಗಳಲ್ಲಿ ಬರುವವಳು ಇಳಕಲ್ಲಿನಾಕಿ. "ಅಕಿ ನೋಡು, ಹೇಳಿದ ವ್ಯಾಳ್ಯಾಕ್ಕ ಬರ್ತಾಳ. ನಿಮ್ಮ ಮಾವನ ಪಗಾರ ಸುದ್ಧಾ ಹಂಗ ಬರ್ತಿದ್ದಿಲ್ಲ," ಎನ್ನುತ್ತಿದ್ದರು. ಶಿವಯೋಗ ಮಂದಿರಕ್ಕೆ ಹೋದಾಗ ಮಲಪ್ರಭೆಯ ದಂಡೆಯಿಂದ ತಂದ, ಜೇಡನ ಕಾಲಿನಂಥ ಉದ್ದ ಎಸಳಿನ ಬಿಳಿಯ ಲಿಲ್ಲಿಗೆ ಹೊಳೆ ಬಿಟ್ಟು ಬಂದ ಸಿಟ್ಟು ಇನ್ನೂ ಇಳಿದಿಲ್ಲವಂತೆ. ಮನಸ್ಸು ಬಂದರೆ ಹೂ, ಇಲ್ಲದಿದ್ದರೆ ಬರಿಯ ಎಲೆ. ನಿಶಿಗಂಧ ಬಾಗಲಕೋಟೆಯಾಕಿ. ಗುಲಾಬಿ ಬಣ್ಣದ ಮಳೆ ಲಿಲ್ಲಿ ಹುನಗುಂದದಾಕಿ. ಗಡ್ಡೆ ಬೆಳ್ಳುಳ್ಳಿಯಷ್ಟು, ಗದ್ದಲ ಊರಷ್ಟು. ಮೊದಲ ಮಳೆ ಬಿದ್ದ ಮೂರನೆಯ ದಿನ ಎಲ್ಲ ಒಮ್ಮೆಲೇ ಎದ್ದು ಕುಣಿದು, ಎರಡು ದಿನಕ್ಕೆ ಸುಸ್ತಾಗಿ ಮಲಗುತ್ತವೆ. ನನ್ನ ತವರು ಹುನಗುಂದ. ಅತ್ತೆ ಈ ಹೂವನ್ನು ಬಯ್ಯುವಾಗ ನನ್ನತ್ತ ನೋಡುತ್ತಿದ್ದುದು ಆಕಸ್ಮಿಕವಲ್ಲ.

ಇನ್ನೊಬ್ಬಳಿದ್ದಳು, ಬಾದಾಮಿಯಾಕಿ. ಬಿಳಿ ಎಸಳಿನ ಮೇಲೆ ಕೆಂಪು ಗೀರು. ಒಂದೇ ದಂಟಿನ ತುದಿಗೆ ಎರಡು ಹೂವು, ಮಾತು ಬಿಟ್ಟ ನೆಗೆಣ್ಣಿಯರ ಹಾಗೆ ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು. ಇದೆಲ್ಲ ಕೇಳಿ ಗೊತ್ತು. ನಾನು ಅವಳ ಹೂವನ್ನು ನೋಡಿಲ್ಲ. ಅವಳನ್ನು ನಾನು ತಿಂದೆ.

ಹೇಗೆಂದರೆ, ನಾನು ಮದುವೆಯಾಗಿ ಬಂದದ್ದು ಚಳಿಗಾಲದಲ್ಲಿ, ಹಳೆ ಬಾಗಲಕೋಟೆಯ ಮನೆಗೆ. ಅಂಗಳದಲ್ಲಿ ಖಾಲಿ ಗಡಿಗೆಗಳಿದ್ದವು, ಹೂವಿನ ಸುದ್ದಿ ಯಾರೂ ಎತ್ತಿರಲಿಲ್ಲ. ಆ ಮನೆಯಲ್ಲಿ ಉಳ್ಳಾಗಡ್ಡಿ ಹೊಸ್ತಿಲು ದಾಟುವಂತಿಲ್ಲ. ನಮ್ಮದೂ ಅದೇ ಜಾತಿ, ಅದೇ ಪಂಚಾಂಗ. ಆದರೆ ನಮ್ಮಪ್ಪ ರೊಟ್ಟಿಯ ಪಕ್ಕದಲ್ಲಿ ಉಳ್ಳಾಗಡ್ಡಿ ಇಟ್ಟು ಮುಷ್ಟಿಯಿಂದ ಒಂದು ಗುದ್ದು ಹಾಕಿ ಒಡೆಯದೆ ಊಟಕ್ಕೆ ಶುರುಮಾಡಿದವರಲ್ಲ. ಆ ಗುದ್ದಿನ ಸಪ್ಪಳ ಕೇಳದೆ ನನಗೆ ಎರಡು ತಿಂಗಳಾಗಿತ್ತು. ಗಂಡನ ಮೇಲೆ ಪ್ರೀತಿ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಕನಸಿನಲ್ಲಿ ಬರುತ್ತಿದ್ದುದು ಉಳ್ಳಾಗಡ್ಡಿ.

ಒಂದು ಮಧ್ಯಾಹ್ನ ಮಾವ ಸಾಲಿಗೆ, ಗಂಡ ಬ್ಯಾಂಕಿಗೆ ಹೋಗಿದ್ದರು. ಅತ್ತೆ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಕಸ ಗುಡಿಸುತ್ತ ಅವರ ಮಂಚದ ಕೆಳಗೆ ಬಗ್ಗಿದೆ. ಬುಟ್ಟಿ. ಬುಟ್ಟಿ ತುಂಬ ಉಳ್ಳಾಗಡ್ಡಿ. ಕಂದು ಬಣ್ಣದ ಕಾಗದದಂಥ ಸಿಪ್ಪೆ, ಬುಡದಲ್ಲಿ ಒಣ ಬೇರಿನ ಗಡ್ಡ, ಎಲ್ಲ ಬರೋಬರಿ. ಹಾಗಾದರೆ ಇವರೂ ಕದ್ದು ತಿನ್ನುತ್ತಾರೆ! ಆ ಗಳಿಗೆಯಲ್ಲಿ ಅತ್ತೆಯ ಮೇಲೆ ನನಗೆ ಮೊಟ್ಟಮೊದಲ ಸಲ ಮಮತೆ ಹುಟ್ಟಿತು. ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದೆ. ಅದಕ್ಕೊಂದು ಬಿಳಿ ದಾರ ಕಟ್ಟಿತ್ತು. ಬಿಚ್ಚಿ ಒಲೆಗೆ ಹಾಕಿದೆ.

ಹೆಚ್ಚುವಾಗ ಕಣ್ಣಲ್ಲಿ ನೀರು ಬರಲಿಲ್ಲ. ಅಲ್ಲೇ ಎಚ್ಚರಾಗಬೇಕಿತ್ತು. ಬಾಗಲಕೋಟೆಯ ಉಳ್ಳಾಗಡ್ಡಿ ಸೌಮ್ಯ ಇರಬೇಕು ಅಂದುಕೊಂಡೆ. ಕಡಲೆ ಹಿಟ್ಟು ಕಲಸಿ ಝುಣಕ ಮಾಡಿದೆ. ಕಹಿ ಇತ್ತು. ಎರಡು ತಿಂಗಳ ಉಪವಾಸಕ್ಕೆ ನನ್ನ ನಾಲಗೆಯೇ ಕೆಟ್ಟಿದೆ ಎಂದು ಅರ್ಧ ರೊಟ್ಟಿಯ ಜೊತೆ ನುಂಗಿ, ಉಳಿದದ್ದನ್ನು ದನಕ್ಕೂ ಸಿಗದಂತೆ ಹುಗಿದು ಪಾತ್ರೆ ತೊಳೆದಿಟ್ಟೆ. ಇಷ್ಟು ಅಚ್ಚುಕಟ್ಟಾಗಿ ನಾನು ಮುಂದೆ ಯಾವ ಅಡುಗೆಯನ್ನೂ ಮಾಡಲಿಲ್ಲ.

ಮೂರು ಗಂಟೆಗೆ ವಾಂತಿ ಶುರುವಾಯಿತು. ಬಚ್ಚಲಲ್ಲಿ ಐದು ಸಲ. ಸಪ್ಪಳಕ್ಕೆ ಎದ್ದು ಬಂದ ಅತ್ತೆ ಬಾಗಿಲಲ್ಲಿ ನಿಂತರು. ಹೊಸ ಸೊಸೆ, ಮದುವೆಯಾಗಿ ಎರಡು ತಿಂಗಳು, ಮಧ್ಯಾಹ್ನದ ವಾಂತಿ. ಅವರ ಮುಖ ಅರಳಿತು. ಒಂದು ಮಾತೂ ಕೇಳಲಿಲ್ಲ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಮರುದಿನ ಬಳೆಗಾರನನ್ನು ಕರೆಸಿ ಹಸಿರು ಬಳೆ ಇಡಿಸಿದರು. ಮಾವ ಪೇಟೆಯಿಂದ ಹುಳಿ ಮಾವಿನಕಾಯಿ ಹುಡುಕಿ ತಂದರು. ನನ್ನ ಗಂಡ ನನ್ನನ್ನು ಗಾಜಿನ ಸಾಮಾನು ನೋಡಿದಂತೆ ನೋಡತೊಡಗಿದರು. ನಾನೇನು ಹೇಳಲಿ? "ಇಲ್ರಿ, ನಾ ಉಳ್ಳಾಗಡ್ಡಿ ತಿಂದೇನಿ" ಎಂದು ಆ ಮನೆಯಲ್ಲಿ ಹೇಳುವುದಕ್ಕಿಂತ ಒಂಬತ್ತು ತಿಂಗಳು ಹೊರುವುದೇ ಸುಲಭ ಅನ್ನಿಸಿತ್ತು.

ಹೊರುವುದಕ್ಕೆ ಏನಾದರೂ ಇರಬೇಕಲ್ಲ. ಊರು ಬದಲಾಗಿ ಏರುಪೇರಾಗಿದ್ದ ತಿಂಗಳ ಲೆಕ್ಕ ಸರಿಯಾಗಿ, ಹನ್ನೆರಡು ದಿನಕ್ಕೆ ನಾನು ಹೊರಗಾದೆ. ಆ ಮನೆಯಲ್ಲಿ ಅದನ್ನು ಮುಚ್ಚಿಡುವ ದಾರಿಯೇ ಇರಲಿಲ್ಲ. ಮೂರು ದಿನ ಹಿಂದಿನ ಕಟ್ಟೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂಡಬೇಕು, ಯಾರನ್ನೂ ಮುಟ್ಟುವಂತಿಲ್ಲ. ಅತ್ತೆ ಬಂದರು. ದೂರದಲ್ಲಿ ನಿಂತರು. ಆಮೇಲೆ ಸೀದಾ ನಡೆದು ಬಂದು ನನ್ನ ಪಕ್ಕದಲ್ಲೇ ಕೂತು ತಲೆ ಸವರಿದರು. ಉಳ್ಳಾಗಡ್ಡಿಯನ್ನು ಮನೆಗೆ ಬಿಡದ ಹೆಂಗಸು ಮೈಲಿಗೆಯ ಸೊಸೆಯನ್ನು ತಬ್ಬಿಕೊಂಡು ಕೂತಿದ್ದರು.

"ಹೋದದ್ದು ಹೋತು. ಅಳಬ್ಯಾಡ. ನಂದೂ ಮೊದಲಿಂದು ಹೋತು," ಎಂದರು.

ಬಾದಾಮಿಯಲ್ಲಿ, ಅವರ ಇಪ್ಪತ್ತನೆಯ ವಯಸ್ಸಿನಲ್ಲಿ. ಹೆಣ್ಣು ಕೂಸು. ಒಂಬತ್ತು ದಿನ ಇತ್ತು. ಹೆಸರಿಡುವುದಕ್ಕೆ ಇನ್ನೂ ಮೂರು ದಿನವಿತ್ತು, ಹಾಗಾಗಿ ಹೆಸರಿಲ್ಲ. ಸಂತೈಸಲು ಬಂದವರೆಲ್ಲ ಏನೇನೋ ಹೇಳಿ ಹೋದರು. ಪಕ್ಕದ ಮನೆಯ ಶಾಂತವ್ವ, ಕೊರಳಲ್ಲಿ ಲಿಂಗ ಕಟ್ಟಿದಾಕೆ, ತನ್ನ ಹಿತ್ತಲಿಂದ ಒಂದು ಗಡ್ಡೆ ಕಿತ್ತು ತಂದು ಇವರ ಹಿತ್ತಲಲ್ಲಿ ನೆಲ ಕೆದರಿ ಹುಗಿದಳಂತೆ. "ಬಾಯಾರ, ನನಗ ಮಾತಾಡಾಕ ಬರೂದಿಲ್ರಿ. ಇದು ಇಲ್ಲಿರ್ಲಿ. ವರ್ಷಾ ವರ್ಷಾ ಬರತೈತಿ," ಎಂದಷ್ಟೇ ಹೇಳಿ ಕೈ ತೊಳೆದುಕೊಂಡು ಹೋದಳು.

"ಖರೇನ ಬರತದ ನೋಡು. ಎಲ್ಲಾ ಊರಾಗೂ ಬಂದದ. ಮಂಚದ ಕೆಳಗ ಬುಟ್ಟ್ಯಾಗ ಅದ, ಬಿಳಿ ದಾರ ಕಟ್ಟೇನಿ. ಯುಗಾದಿ ಆಗ್ಲಿ, ತೋರಸ್ತೇನಿ," ಎಂದರು ಅತ್ತೆ. ಎದ್ದು ಹೋಗಿ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿದರು. ನಾನು ಆಗ ಅತ್ತುಬಿಟ್ಟೆ, ಖರೆ ಅಳು. ಅವರು ಅದನ್ನು ಕೂಸಿನ ದುಃಖ ಎಂದು ತಿಳಿದರು.

ಯುಗಾದಿಗೆ ಗಡ್ಡೆ ಸಿಗಲಿಲ್ಲ. ಇಲಿ ಒಯ್ದಿರಬೇಕು ಎಂದಾಯಿತು. ಮಾವ ಬೋನು ತಂದರು. ಮೂರು ದಿನಕ್ಕೆ ಒಂದು ಇಲಿ ಬಿತ್ತು. ಅತ್ತೆ ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಅರ್ಧ ತಾಸು ಬೈದರು. ಅದು ನನ್ನನ್ನೇ ನೋಡುತ್ತಿತ್ತು. ಮಾವ ಅದನ್ನು ರೈಲು ಹಳಿಯ ಆಚೆ ಗಡಿಪಾರು ಮಾಡಿ ಬಂದರು. ಬಾದಾಮಿಯಾಕಿಯ ಗಡಿಗೆಯನ್ನು ಮಾತ್ರ ಅತ್ತೆ ತೆಗೆಯಗೊಡಲಿಲ್ಲ. "ಒಂದರೆ ತುಣುಕು ಮಣ್ಣಾಗ ಉಳದಿರತದ. ಬಂದ್ರೂ ಬರಬಹುದು. ಎರಡು ತಂಬಗಿ ನೀರ ಹಾಕು," ಎಂದರು. ಹಾಕಿದೆ.

ಮುಂದೆ ನನಗೆ ಒಂದು ಹೆಣ್ಣು, ಒಂದು ಗಂಡು ಆದವು. ಹಳೆ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಗಡಿಗೆಗಳೆಲ್ಲ ಟೆಂಪೊ ಹತ್ತಿ ನವನಗರಕ್ಕೆ ಬಂದವು, ಖಾಲಿ ಗಡಿಗೆಯೂ ಮಣ್ಣಿನ ಸಮೇತ ಬಂತು. ಮಾವ ತೀರಿಕೊಂಡರು. ಮೊಮ್ಮಕ್ಕಳ ಹಟಕ್ಕೆ ಮನೆಗೆ ಉಳ್ಳಾಗಡ್ಡಿ ಬಂತು, ಬೇರೆ ಈಳಿಗೆ, ಬೇರೆ ಬುಟ್ಟಿ, ಅತ್ತೆಯ ಅಡುಗೆಯಾದ ಮೇಲೆ ಎಂಬ ಕರಾರಿನ ಮೇಲೆ. ಗಡ್ಡೆ ಅಗೆಯುವುದು, ಒಣಗಿಸುವುದು, ದಾರ ಕಟ್ಟುವುದು ಎಲ್ಲ ಈಗ ನಾನೇ. ಯುಗಾದಿಯಿಂದ ಮಳೆಯ ತನಕ ದಿನಾಲೂ ಆ ಖಾಲಿ ಗಡಿಗೆಗೆ ಎರಡು ತಂಬಿಗೆ ನೀರು ಹಾಕುವವಳೂ ನಾನೇ.

ಮೊನ್ನೆ ಉಳ್ಳಾಗಡ್ಡಿಯ ಪರೀಕ್ಷೆ ಮುಗಿಸಿ ತಂಬಿಗೆಗಳನ್ನು ತುಂಬಿಕೊಂಡು ಹಿತ್ತಲಿಗೆ ಹೋದೆ. ಇಳಕಲ್ಲಿನಾಕಿ ಅರಳಿದ್ದಳು. ಖಾಲಿ ಗಡಿಗೆಗೆ ಒಂದು ತಂಬಿಗೆ ಸುರಿದೆ.

"ನಾ ಹೋದ ಮ್ಯಾಲೂ ಹಿಂಗ ಎರಡ ಹಾಕ್ತಿಯಲ್ಲ?" ಎಂದರು ಅತ್ತೆ.

"ಹಾಕ್ತೇನ್ರಿ. ಆದ್ರ ಎರಡ ಯಾಕ್ರಿ? ಸಣ್ಣ ಗಡಿಗಿ, ಒಂದ ಸಾಕಲ್ರಿ." ಇಷ್ಟು ವರ್ಷಗಳಲ್ಲಿ ಇದನ್ನು ಕೇಳಿದ್ದು ಮೊದಲ ಸಲ.

"ಒಂದು ನನ್ನ ಕೂಸಿಂದು," ಎಂದರು. "ಒಂದು ನಿಂದು."

ನಾನು ಎರಡನೆಯ ತಂಬಿಗೆಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ. "ಅತ್ತೀ, ಆ ಗಡ್ಡಿ ಇಲಿ ಒಯ್ದಿಲ್ರಿ. ನಾ ತಿಂದೇನಿ," ಎಂದೆ. ಬುಟ್ಟಿ, ಬಿಳಿ ದಾರ, ಝುಣಕ, ವಾಂತಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅತ್ತೆ ಕುರ್ಚಿಯಿಂದ ನನ್ನತ್ತ ಬಗ್ಗಿದರು.

"ಉಳ್ಳಾಗಡ್ಡಿ ಅಂತ ತಿಳದಿ?"

"ಹೌದ್ರಿ."

"ನನ್ನ ಮಂಚದ ಕೆಳಗ?"

"ಹೌದ್ರಿ."

"ನಾ ಕದ್ದು ಉಳ್ಳಾಗಡ್ಡಿ ತಿಂತೇನಿ ಅಂತ. ಮನಿಗೆ ಬಂದು ಎರಡು ತಿಂಗಳಾಗಿದ್ದಿಲ್ಲ, ಇಷ್ಟು ತಿಳಕೊಂಡಿ!"

ಇದಕ್ಕೆ ಹೌದ್ರಿ ಅನ್ನುವ ಧೈರ್ಯವಾಗಲಿಲ್ಲ. ಅವರು ಸೆರಗು ಸರಿಪಡಿಸಿಕೊಂಡರು. ಆಮೇಲೆ ಅವರ ಕೈ ಅರ್ಧಕ್ಕೇ ನಿಂತಿತು.

"ಹಂಗಾರ... ಕೂಸು?"

"ಇರ್ಲೇ ಇಲ್ರಿ, ಅತ್ತೀ. ಗಡ್ಡಿ ತಿಂದದ್ದಕ್ಕ ವಾಂತಿ ಆದದ್ದು."

ಬೈಗಳಿಗಾಗಿ ತಲೆ ತಗ್ಗಿಸಿ ಕಾದೆ. ನನಗೆ ಅದು ಬೇಕಾಗಿಯೇ ಇತ್ತು. ಎಷ್ಟು ಹೊತ್ತಾದರೂ ಬಾರದಿದ್ದಾಗ ತಲೆಯೆತ್ತಿ ನೋಡಿದರೆ ಅತ್ತೆ ಅಳುತ್ತಿದ್ದರು, ಮುಖದ ತುಂಬ ನಗು ಇಟ್ಟುಕೊಂಡು.

"ಅಯ್ಯ ನಮ್ಮವ್ವಾ, ಎಷ್ಟು ಛಲೋ ಆತು," ಎಂದರು. "ಇಷ್ಟು ವರ್ಷಾ ಎರಡು ಹೋಗ್ಯಾವ ಅಂತ ತಿಳಕೊಂಡಿದ್ದೆ. ಒಂದ ಹೋಗ್ಯದ."

ನಾನು ಅವರ ಮೊಣಕಾಲಿಗೆ ತಲೆಯಿಟ್ಟು ಜೋರಾಗಿ ಅತ್ತೆ. ಅವರು ತಲೆ ಸವರಿದರು, ಅಂದು ಕಟ್ಟೆಯ ಮೇಲೆ ಸವರಿದ ಹಾಗೆಯೇ. ಸ್ವಲ್ಪ ಹೊತ್ತಾದ ಮೇಲೆ, "ಉಳ್ಳಾಗಡ್ಡಿ ಹೆಚ್ಚಿದ ಕೈ, ಕಣ್ಣಿಗೆ ಹಚ್ಚಬ್ಯಾಡ," ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಆ ಇಲಿ ಪಾಪ," ಎಂದರು.

ನಾನು ಕಣ್ಣೊರೆಸಿಕೊಂಡು ಎದ್ದೆ. ಎರಡನೆಯ ತಂಬಿಗೆ ತುಂಬಿದ್ದು ಹಾಗೇ ಕೂತಿತ್ತು. ಏನು ಮಾಡಲಿ ಎಂಬಂತೆ ಅವರ ಮುಖ ನೋಡಿದೆ.

"ಅದನ್ನ ಹುನಗುಂದದಾಕಿಗೆ ಹಾಕು," ಎಂದರು. "ತಿಂದಾಕಿ ಅಕೀನ ಅಲಾ? ಕುಡೀಲಿ."

ಮಳೆಗೆ ಇನ್ನೂ ಬಹಳ ದಿನವಿತ್ತು. ಹಾಕಿದೆ.